ನಡುವಿನ ಮೆಟ್ಟಿಲು

ಸೋಮವಾರ, ಅಂಗಡಿ ಬಾಗಿಲು ತೆಗೆಯುವ ಮುಂಚೆ

ಪ್ರೀತಿಯ ತಮ್ಮಾ,

ಇವತ್ತು ಪ್ರೀತಿ ಸ್ವಲ್ಪ ಕಡಿಮೆಯೇ ಇದೆ, ಆದರೂ ಬರೆಯುವ ರೂಢಿ ಬಿಡಬಾರದಲ್ಲ. ಅಂಗಡಿಯ ಕಟ್ಟಡ ಮಾರಲು ನಾನು ಸಹಿ ಹಾಕುವುದಿಲ್ಲ. ಮೊದಲೇ ಹೇಳಿಬಿಟ್ಟಿದ್ದೇನೆ, ಉಳಿದದ್ದನ್ನು ನಿಧಾನವಾಗಿ ಓದು.

ಕೊಳ್ಳುವವನು ಇದನ್ನು ಕೆಡವಿ ಗಾಜಿನ ಕಟ್ಟಡ ಎಬ್ಬಿಸುತ್ತಾನಂತೆ. "ನೆಲಾನೇ ಸಮ ಇಲ್ಲ ಅಕ್ಕಾ, ಯಾರಿಗೆ ಬೇಕು?" ಅಂದೆಯಲ್ಲ ಫೋನಿನಲ್ಲಿ. ಯಾಕೆ ಸಮ ಇಲ್ಲ ಅನ್ನುವುದು ಮರೆತೇ ಹೋಯಿತೇ? ತಾತನದು ಬರೀ ಬಟ್ಟೆ ಅಂಗಡಿ. ಪಕ್ಕದ ಪಾತ್ರೆ ಅಂಗಡಿ ಮಾರಾಟಕ್ಕೆ ಬಂದಾಗ ಹಟ ಹಿಡಿದು ಕೊಳ್ಳಿಸಿ, ನಡುಗೋಡೆ ಒಡೆಸಿದವಳು ಅಜ್ಜಿ. ಗೋಡೆ ಬಿದ್ದ ಮೇಲೆ ನೋಡಿದರೆ ಆ ಕಡೆಯ ನೆಲ ಒಂದು ಮೆಟ್ಟಿಲು ಕೆಳಗೆ! ನೆಲ ಎತ್ತರಿಸಲು ತಿಂಗಳು ಅಂಗಡಿ ಮುಚ್ಚಬೇಕೆಂದ ಮೇಸ್ತ್ರಿ. ಅಜ್ಜಿ ಸೆರಗು ಸಿಕ್ಕಿಸಿಕೊಂಡು, "ಮುಚ್ಚೋ ಮಾತು ನನ್ನ ಮುಂದೆ ಆಡ್ಬೇಡ. ಗಿರಾಕಿ ಬಂದಾಗ ನಾನೇ ಕೂಗ್ತೀನಿ" ಅಂದಳಂತೆ. ಅವತ್ತಿನಿಂದ ಕೂಗುತ್ತಲೇ ಇದ್ದೇವೆ: "ಮೆಟ್ಟಿಲಿದೆ, ನೋಡ್ಕೊಂಡು!" ಮಾಳಿಗೆ ಎದ್ದಿತು, ಆಟದ ಸಾಮಾನು, ಚಪ್ಪಲಿ, ಕನ್ನಡಿ ಎಲ್ಲ ಬಂದವು, ಅಪ್ಪ ಡಿಪಾರ್ಟ್‌ಮೆಂಟ್ ಸ್ಟೋರ್ ಎಂದು ದೊಡ್ಡ ಬೋರ್ಡು ಹಾಕಿಸಿದರು. ಮೆಟ್ಟಿಲು ಮಾತ್ರ ಅಲ್ಲೇ ಇದೆ.

ಮನೆಯ ಮಕ್ಕಳಿಗೆ ರೂಢಿಯಾದ ಮೇಲೆ ಕೂಗಬಾರದು, ಅದು ಅಜ್ಜಿಯ ಕಟ್ಟಳೆ. ನಿನಗೆ ಕೂಗುವುದನ್ನು ನಿಲ್ಲಿಸಿದ ದಿನ ನೀನು ಇಡೀ ಅಂಗಡಿ ಎದೆಯುಬ್ಬಿಸಿಕೊಂಡು ತಿರುಗಿದ್ದೆ. ಆಮೇಲೆ ಬ್ಯಾಂಕಿನ ಕೆಲಸ, ಊರೂರಿಗೆ ವರ್ಗ. ಹೋದ ತಿಂಗಳು ಬಂದವನು ಫೋನು ಕಿವಿಗಿಟ್ಟುಕೊಂಡು ನಡೆದೆ, ಎಡವಿ ಪಾತ್ರೆಗಳ ಮೇಲೆ ಬಿದ್ದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಗೋದಾಮಿಗೆ ಹೋಗಿ ಅತ್ತೆ ಕಣೋ. ನಮ್ಮವನ ಕಾಲಿಗೇ ನಮ್ಮ ನೆಲ ಮರೆತುಹೋಯಿತಲ್ಲ!

ವ್ಯಾಪಾರ ಇಳಿದಿದೆ, ಒಪ್ಪುತ್ತೇನೆ. ಮಾಳಿಗೆ ಸೋರುತ್ತದೆ, ಅದನ್ನೂ ಒಪ್ಪುತ್ತೇನೆ. ರಿಪೇರಿ ಮಾಡಿಸುತ್ತೇನೆ. ಒಬ್ಬ ಹೆಂಗಸಿನ ಕೈಲಿ ಏನಾಗುತ್ತೆ ಅಂತ ಚಿಕ್ಕಪ್ಪನ ಹತ್ತಿರ ಕೇಳಿದೆಯಂತೆ. ಗೋಡೆ ಒಡೆಸಿದ್ದು ಯಾರು ಅಂತ ಮೇಲೆ ಇನ್ನೊಂದು ಸಲ ಓದಿಕೋ. ಅಷ್ಟೊಂದು ಅವಸರವಿದ್ದರೆ ರಜೆ ಹಾಕಿ ಬಾ, ಒಂದಷ್ಟು ದಿನ ಗಲ್ಲಾದಲ್ಲಿ ಕೂರು. ನಿನ್ನ ಕಾಲಿಗೆ ನೆನಪು ಬರುವ ತನಕ ನಿನಗೂ ಕೂಗುತ್ತೇನೆ, ನಾಚಿಕೊಳ್ಳಬೇಡ. ಆಮೇಲೂ ಮಾರೋಣ ಅಂದೆಯೋ, ಆಗಲೂ ಸಹಿ ಹಾಕುವುದಿಲ್ಲ.

ಇಂತಿ,
ನಿನ್ನ ಮೊಂಡು ಅಕ್ಕ

ತಾ.ಕ.: ನೀನು ಕಳಿಸಿದ ಆಸಾಮಿ, ಅದೇ ಕೊಳ್ಳುವವನು, ಶನಿವಾರವೇ ಬಂದಿದ್ದ. ಬಾಯ್ತುಂಬ ಮಾತಾಡಿಸಿ ಇಡೀ ಕಟ್ಟಡ ತೋರಿಸಿದೆ. ಮೆಟ್ಟಿಲ ಹತ್ತಿರ ಮಾತ್ರ ಬಾಯಿಗೆ ಬೀಗ ಹಾಕಿಕೊಂಡೆ. ಹೊರಗಿನವರಿಗೆ ಕೂಗದೆ ಬಿಟ್ಟದ್ದು ಜೀವಮಾನದಲ್ಲಿ ಇದೇ ಮೊದಲು. ಎಡವಿದ ಅವನ ಕಾಲು ಉಳುಕಿದೆ ಅಷ್ಟೆ, ಮುಲಾಮು ನಾನೇ ತಂದುಕೊಟ್ಟೆ. ಕಿತ್ತುಹೋದ ಚಪ್ಪಲಿಗೆ ಬದಲು ನಮ್ಮಲ್ಲೇ ಹೊಸ ಜೋಡಿ ಕೊಂಡ, ಚೌಕಾಸಿ ಕೂಡ ಮಾಡಲಿಲ್ಲ. ಈ ಕಟ್ಟಡದ ಸಹವಾಸವೇ ಬೇಡ ಎಂದು ಕುಂಟುತ್ತಾ ಹೋದ. ಅಜ್ಜಿ ಇದ್ದಿದ್ದರೆ ನನಗೆ ಸರಿಯಾಗಿ ಬೈಯುತ್ತಿದ್ದಳು. ಬೈಯಲಿ ಬಿಡು, ಅಂಗಡಿ ಮುಚ್ಚಲಿಲ್ಲವಲ್ಲ.