ದಿನಕ್ಕೊಂದು ಕೊಡ ನೀರು

ಜೂನ್ ೪೭, ೨೨೩೧
ನೆರಳುಗೂಡು ಹನ್ನೊಂದು, ವಿಜಯಪುರ

ಇನ್ನೂರು ವರ್ಷ ಹಿಂದಿನ ಹಿರಿಯರಿಗೆ,

ತಾರೀಖು ತಪ್ಪಾಗಿಲ್ಲ. ಮೊದಲ ಮಳೆ ಬೀಳುವವರೆಗೆ ನಮ್ಮಲ್ಲಿ ಜೂನ್ ಮುಗಿಯುವುದಿಲ್ಲ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಕ್ಷಮೆ ಕೇಳುವುದು ಇದೊಂದಕ್ಕೆ ಮಾತ್ರ. ಉಳಿದದ್ದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ನಾನು ನೀಲವ್ವ ಹಡಗಲಿ. ನೆರಳುಗೂಡೆಂದರೆ ಹೊರಗಿನ ಬಿಸಿಲು ತಾಳಲಾರದೆ ಮುನ್ನೂರು ಮಂದಿ ಒಟ್ಟಿಗೆ ಬದುಕುವ, ದಪ್ಪ ಗೋಡೆಗಳ ಕಟ್ಟಡ. ಇದರ ಸಭಾಂಗಣದಲ್ಲಿ ಒಂದು ಅರೆಕಾ ಪಾಮ್ ಇತ್ತು. ನೀವು ಕುಂಡದಲ್ಲಿ ನೆಟ್ಟು ಸೋಫಾದ ಪಕ್ಕದಲ್ಲಿ, ಆಫೀಸಿನ ಬಾಗಿಲಲ್ಲಿ ಇಡುತ್ತೀರಲ್ಲ, ಅದೇ. ಹೊರಗೆ ಈಗ ಗರಿಯಿರುವ ಮರ ಒಂದೂ ಇಲ್ಲ. ಗಾಳಿಗೆ ಗರಿ ಅಲುಗುವುದನ್ನು ನಮ್ಮ ಮಕ್ಕಳು ನೋಡಿದ್ದು ಈ ಕುಂಡದಲ್ಲಿ, ಅದೂ ಫ್ಯಾನಿನ ಗಾಳಿಗೆ.

ಅದನ್ನು ಮೂವತ್ತೊಂದು ವರ್ಷ ಸಾಕಿದವಳು ನನ್ನ ಅಕ್ಕ ಶಿವಗಂಗವ್ವ. ಅವಳ ಕೈ ನಡುಗತೊಡಗಿದ ಮೇಲೆ ಕೆಲಸ ನನಗೆ ಬಂತು. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ ನೋಡಬೇಕು, ಒಣಗಿದ್ದರೆ ಮಾತ್ರ ನೀರು. ಆ ನೀರು ಪ್ರತಿ ಮನೆಯವರು ತಮ್ಮ ಪಾಲಿನಿಂದ ಎತ್ತಿಟ್ಟದ್ದು. ಬೆಳಕು ಬೇಕು, ನೇರ ಬಿಸಿಲು ತಾಗಬಾರದು. ಆಗಾಗ ಕುಂಡ ತಿರುಗಿಸಿ, ಒದ್ದೆ ಬಟ್ಟೆಯಿಂದ ಗರಿಗಳ ಧೂಳು ಒರೆಸಬೇಕು. ಇಷ್ಟೇ. ಇಷ್ಟನ್ನೂ ಮಾಡಲಾಗಲಿಲ್ಲ ನಮ್ಮ ಮೇಲ್ವಿಚಾರಕ ಬಸವಂತಪ್ಪ ಕುಳಗೇರಿಗೆ.

ಮಾರ್ಚಿನಲ್ಲಿ ಜ್ವರ ಬಂದು ನಾನು ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದೆ. ಮರಳಿದಾಗ ಪಾಮ್ ತನ್ನ ಮೂಲೆಯಲ್ಲಿರಲಿಲ್ಲ. ದೊಡ್ಡ ಕಿಟಕಿಯ ಗಾಜಿಗೆ ಒತ್ತಿಕೊಂಡು ನಿಂತಿತ್ತು. ಗರಿಗಳು ಸುಟ್ಟ ಹಪ್ಪಳದ ಬಣ್ಣಕ್ಕೆ ತಿರುಗಿದ್ದವು. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಂತು ನಾರುತ್ತಿತ್ತು.

“ಇದನ್ನ ಇಲ್ಲಿ ಇಡಾಕ ಯಾರು ಹೇಳಿದ್ರು?” ಎಂದು ಬಸವಂತಪ್ಪನನ್ನು ಕೇಳಿದೆ.

“ಮ್ಯಾಲಿನ ಸಾಹೇಬ್ರು ಬರಾವ್ರಿದ್ರು, ಅಕ್ಕಾರ. ಮೂಲ್ಯಾಗಿದ್ರ ಫೋಟೋದಾಗ ಕಾಣ್ತಿರಲಿಲ್ಲ. ನೀರಿಗೇನೂ ಕಮ್ಮಿ ಮಾಡಿಲ್ಲ, ದಿನಾ ಒಂದು ಕೊಡ ಹಾಕೀನಿ.”

“ಹಂಗಂದ್ರ ಮುಳುಗಿಸಿ ಕೊಂದಿ.”

ಅಕ್ಕ ತಡೆಯಲು ಹೋಗಿದ್ದಳಂತೆ. “ವಯಸ್ಸಾತು, ಸುಮ್ಮ ಕುಂದರ್ರಿ ಆಯಿ” ಎಂದು ಬಸವಂತಪ್ಪ ಅವಳನ್ನು ಕಳಿಸಿದ್ದನಂತೆ.

ಕುಂಡ ಮಗುಚಿದೆ. ಬೇರುಗಳು ಕಪ್ಪಾಗಿ ಕೈಯಲ್ಲೇ ಕರಗಿದವು. ನಾನು ನೆಲದ ಮೇಲೆ ಕುಳಿತು ಅತ್ತೆ. ಅಕ್ಕ ಬಂದು ಪಕ್ಕದಲ್ಲಿ ಕುಳಿತಳು. “ಆಮ್ಯಾಲೆ ಅಳುವಂತಿ. ಕತ್ತರಿ ತಗೊಂಬಾ” ಎಂದಳು. ಹನ್ನೊಂದು ಕಾಂಡಗಳನ್ನು ಬಿಡಿಸಿ, ಕೊಳೆತ ಬೇರನ್ನೆಲ್ಲ ಕತ್ತರಿಸಿದೆವು. ಒಂದರಲ್ಲಿ ಮಾತ್ರ ಬಿಳಿ ಬೇರು ಉಳಿದಿತ್ತು. ಅದನ್ನು ಮರಳು ಬೆರೆಸಿದ ಮಣ್ಣಿನಲ್ಲಿ ನೆಟ್ಟು ನನ್ನ ಕೋಣೆಗೆ ಒಯ್ದೆ.

ಮರುದಿನ ಸಭೆ ಸೇರಿತು. ಬಸವಂತಪ್ಪ ತಪ್ಪು ಒಪ್ಪಲಿಲ್ಲ. ಕಟ್ಟಡದ ನೆಲಮಾಳಿಗೆಯಲ್ಲಿ ಸಿಕ್ಕ ಹಳೆಯ ಪುಸ್ತಕವೊಂದನ್ನು ಹಿಡಿದು ತಂದಿದ್ದ. ನಿಮ್ಮ ಕಾಲದ ಯಾವುದೋ ಆಫೀಸಿನದು. ಅದರಲ್ಲಿ ಕೆಲವು ತಿಂಗಳಿಗೊಮ್ಮೆ ಅದೇ ಸಾಲು: “ಪಾಮ್ ಬಾಡಿದೆ. ಬಿಸಾಡಿ, ಹೊಸದು ತರಿಸಿ.”

“ಹಿಂದಿನವ್ರೂ ಹಿಂಗ ಮಾಡ್ತಿದ್ರು” ಎಂದ. “ಒಂದು ಗಿಡಕ್ಕ ಇಷ್ಟ್ಯಾಕ ಸಿಟ್ಟು? ಹೊಸಾದು ತರಸೂಣು.”

ಅಕ್ಕ ಎದ್ದು ನಿಂತಳು.

“ತರಸಪ್ಪಾ. ಎಲ್ಲಿಂದ ತರಸ್ತಿ?”

ಬಸವಂತಪ್ಪ ಪುಸ್ತಕ ಮುಚ್ಚಿ ತಲೆ ತಗ್ಗಿಸಿದ. ಅವನ ಮೇಲಿದ್ದ ನನ್ನ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು. ಉಳಿದರ್ಧ ನಿಮ್ಮ ಕಡೆ ತಿರುಗಿತು. ತನ್ನ ತಪ್ಪಿಗೆ ಅವನು ಅಡ್ಡ ಹಿಡಿದದ್ದು ನಿಮ್ಮನ್ನು. ನಿಮಗೆ ಬೇಕೆಂದಾಗ ಸಿಗುತ್ತಿತ್ತು, ಆದ್ದರಿಂದ ನೋಡಿಕೊಳ್ಳುವುದನ್ನು ನೀವು ಕಲಿಯಲೇ ಇಲ್ಲ, ನಮಗೆ ಕಲಿಸಿ ಹೋಗಲೂ ಇಲ್ಲ.

ನಿನ್ನೆ ಆ ಒಂಟಿ ಕಾಂಡದಲ್ಲಿ ಹೊಸ ಗರಿ ಬಿಚ್ಚಿತು. ಬಸವಂತಪ್ಪ ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು, “ಒಳಗ ಬಂದು ನೋಡ್ಲೇನ್ರಿ?” ಎಂದು ಕೇಳುತ್ತಾನೆ. ನಾನಿನ್ನೂ ಹ್ಞೂಂ ಅಂದಿಲ್ಲ. ಹ್ಞೂಂ ಅನ್ನು ಅಂತ ಅಕ್ಕ ಹೇಳುತ್ತಾಳೆ.

ನಿಮ್ಮ ಮನೆಯ ಪಾಮ್ ಬಾಡಿದ್ದರೆ ಬಿಸಾಡಬೇಡಿ. ಕುಂಡ ಮಗುಚಿ, ಬೇರು ನೋಡಿ. ಒಂದಾದರೂ ಬೆಳ್ಳಗಿದ್ದರೆ, ಅದು ನಿಮ್ಮದಲ್ಲ, ನಮ್ಮದು.

ನೀಲವ್ವ