ಮೊದಲ ಪುಟದ ಮುನಿಯಲ್ಲಪ್ಪನವರು

ಹೆಬ್ಬಾಳ
10-8-1962

ಪೂಜ್ಯ ಗುರುಗಳಾದ ಶ್ರೀ ಮುನಿಯಲ್ಲಪ್ಪನವರಿಗೆ ಶೇಷಗಿರಿ ಮಾಡುವ ನಮಸ್ಕಾರಗಳು.

ಮಾವಿನ ಕಸಿಯ ಬಗ್ಗೆ ನಾನು ಬರೆದ ಪುಸ್ತಕ ಅಚ್ಚಿನಲ್ಲಿದೆ. ಮೊದಲ ಪುಟದಲ್ಲಿ ನನಗೆ ಕಲಿಸಿದವರ ಹೆಸರುಗಳಿವೆ. ಪ್ರೊಫೆಸರರಿಬ್ಬರ ಕೆಳಗೆ ನಿಮ್ಮ ಹೆಸರನ್ನೂ ಬರೆದಿದ್ದೆ. ಅಚ್ಚುಕೂಟದವರು ನಿಮ್ಮ ಹೆಸರಿನ ‘ಶ್ರೀ’ ತೆಗೆದು, ‘ತೋಟದ ಆಳು’ ಎಂದು ಸೇರಿಸಿ ಕರಡು ಕಳಿಸಿದರು. ನಾನದನ್ನು ಹೊಡೆದುಹಾಕಿ, ‘ನನ್ನ ಗುರುಗಳು’ ಎಂದು ಬರೆದು, ನಿಮ್ಮ ಹೆಸರನ್ನು ಎಲ್ಲರಿಗಿಂತ ಮೇಲೆ ಹಾಕಿದ್ದೇನೆ.

ಡಿಗ್ರಿ ಮುಗಿಸಿ ಕಾಲೇಜಿಗೆ ಪಾಠ ಹೇಳಲು ಬಂದ ವರ್ಷ, ಅಲ್ಲಿನ ತೋಟದಲ್ಲಿ ನಾನು ಕಟ್ಟಿದ ಕಸಿಗಳೆಲ್ಲ ಒಣಗಿದವು. ನೀವು ವಿದ್ಯಾರ್ಥಿಗಳಿಗೆ ಬೆನ್ನು ಮಾಡಿ ಕೂತು, ನನಗೊಬ್ಬನಿಗೇ ಕೇಳುವಂತೆ, “ಎಲ್ಡು ಸಲ ಕುಯ್ದ್ರೆ ಗಾಯ ಕೂಡಾಕಿಲ್ಲ ಬುದ್ಧಿ. ಚಾಕು ಒಂದೇ ಸಲಕ್ಕೆ ಓಗ್ಬೇಕು” ಎಂದಿರಿ. ಹತ್ತು ವರ್ಷ ನಿಮ್ಮಿಂದ ಕಲಿತೆ. ಆ ಹತ್ತು ವರ್ಷವೂ ನಿಮ್ಮನ್ನು ‘ಲೋ ಮುನಿಯಾ’ ಎಂದೇ ಕರೆದೆ. ನನಗೆ ಕಲಿಸಿದ್ದು ನೀವೆಂದು ಕೆಲಸ ಬಿಡುವ ದಿನದವರೆಗೂ ನೀವು ಯಾರಿಗೂ ಹೇಳಲಿಲ್ಲ.

ಸೋಮವಾರ ಆ ಪುಟ ಹಿಡಿದುಕೊಂಡು ಕೊಡಿಗೇಹಳ್ಳಿಗೆ ನಾನೇ ಬರುತ್ತೇನೆ. ದಯವಿಟ್ಟು ಎದ್ದು ನಿಲ್ಲಬೇಡಿ. ಹೊಸ ಚಾಕು ಕೊಂಡಿದ್ದೇನೆ, ಅದರ ಅಲಗನ್ನೂ ನೀವೊಮ್ಮೆ ನೋಡಿ ಹೇಳಬೇಕು.

ಇಂತಿ ನಿಮ್ಮ ಶಿಷ್ಯ,
ಶೇಷಗಿರಿ

ಮುನಿಕೆಂಪಮ್ಮ, ಈ ಕಾಗದವನ್ನು ನಿಮ್ಮ ತಂದೆಗೆ ಓದಿ ಹೇಳುವವಳು ನೀನೇ ಎಂದು ಗೊತ್ತು. ಮೊದಲ ಸಾಲು ಕೇಳಿದೊಡನೆ ಅವರು, “ಅದ್ ಬುಟ್ಟು ಮುಂದಕ್ ಓದು” ಅನ್ನುತ್ತಾರೆ. ಬಿಡಬೇಡಮ್ಮ, ಅದನ್ನು ಇನ್ನೊಂದು ಸಲ ಓದು.