ಮಾರಿಕಾಳ ಮೀನಖಂಡ

ಬಾರ್ಸಿಲೋನಾ
1 ಆಗಸ್ಟ್ 1992

ಪ್ರೀತಿಯ ಸಿರಾನುಷ್,

ನಾನು ಕಳ್ಳತನ ಮಾಡಿದ್ದೇನೆ. ತಂಡದ ಪೆಟ್ಟಿಗೆಯಿಂದ ಅರ್ಧ ಟ್ಯೂಬ್ ಮುಲಾಮು ಕದ್ದು ಪರದೇಶದ ಕಾಲೊಂದಕ್ಕೆ ತಿಕ್ಕಿದ್ದೇನೆ. ಎರಡು ವಾರ ಕಾಗದ ಬರೆಯದ ಅಪರಾಧ ಇದರ ಮುಂದೆ ಸಣ್ಣದು. ಅದನ್ನೂ ಇದರ ಜೊತೆಗೇ ಕ್ಷಮಿಸಿಬಿಡು. ಯೆರೆವಾನಿನಲ್ಲಿ ಕರೆಂಟು ಬಂತೆ? ಅಮ್ಮನ ಮಂಡಿನೋವು ಹೇಗಿದೆ?

ಆ ಕಾಲು ನಿನಗೂ ಗೊತ್ತು. ಎಸ್ಟೋನಿಯಾದ ಮಾರಿಕಾ. ಏಳು ವರ್ಷ ನಮ್ಮ ಬೆಟ್ಟದ ಶಿಬಿರಕ್ಕೆ ಬಂದು, ಪ್ರತಿ ಭಾನುವಾರ ನಿನ್ನ ದೋಲ್ಮಾ ತಿಂದು ಓಡಿದ ಹುಡುಗಿ. ನಮ್ಮ ಹಳೆಯ ಒಕ್ಕೂಟ ಒಡೆದು ಈಗ ಅವಳ ಊರು ಬೇರೆ ದೇಶ, ಎದೆಯ ಮೇಲೆ ಸ್ವಂತ ಬಾವುಟ. ಉಳಿದ ಹನ್ನೆರಡು ದೇಶದ ನಾವು ಈ ಸಲದ ಒಲಿಂಪಿಕ್ಸಿಗೆ ಮಾತ್ರ ಒಂದೇ ತಂಡ, ಬಾವುಟವೂ ಎರವಲು. ಮುಂದಿನ ಸಲ ಎಲ್ಲರದೂ ಬೇರೆ ಬೇರೆ ಬಸ್ಸು.

ನಿನ್ನೆ ಎಂಟುನೂರು ಮೀಟರ್ ಓಟಕ್ಕೆ ಮುಂಚೆ, ಅಭ್ಯಾಸದ ಮೈದಾನದಲ್ಲಿ ಅವಳು ಕಾಲು ಹಿಡಿದು ಕೂತುಬಿಟ್ಟಳು. ಅವರಿಗಿರುವ ಮಾಲೀಶಿನವನು ಒಬ್ಬನೇ. ಅವನು ಹಾಯಿದೋಣಿಯವರ ಜೊತೆ ಸಮುದ್ರದ ಕಡೆ ಹೋಗಿದ್ದ. ನಾನು ಓಡಿದೆ. ಅಖಂಡ ದೇಶ ತುಂಡಾದರೇನು, ಮೀನಖಂಡಕ್ಕೆ ಇನ್ನೂ ನಾನೇ ದೊರೆ.

ನಮ್ಮ ಉಕ್ರೇನಿನ ಲಾರಿಸಾಳದೂ ಅದೇ ಓಟ. ಪಕ್ಕದಲ್ಲೇ ಬೂಟಿನ ದಾರ ಕಟ್ಟುತ್ತ, "ಮಾಮ, ನಿಮ್ ಕೈಗೆ ವೀಸಾ ಬೇಡ್ವಾ?" ಎಂದಳು.

ಮಾರಿಕಾ ಮೂರನೆಯವಳಾಗಿ ಮುಂದಿನ ಸುತ್ತಿಗೆ ಹೋದಳು. ಲಾರಿಸಾ ನಾಲ್ಕನೆಯವಳಾಗಿ ಸ್ಪರ್ಧೆಯಿಂದ ಹೊರಗೆ. ಕೋಚ್ ಕೆಂಡವಾಗಿ, ನೀನು ಯಾರ ಕಡೆಯವನಯ್ಯಾ, ನಾಳೆಯ ವಿಮಾನಕ್ಕೇ ಹತ್ತಿಸುತ್ತೇನೆ ಎಂದರು. ನಾನು ಎದೆಯುಬ್ಬಿಸಿ, "ಅವಳು ಪರದೇಶದವಳು ಅಂತ ನಂಗೆ ಚೆನ್ನಾಗಿ ಗೊತ್ತಿತ್ತು. ಇದು ಅತಿಥಿಗೆ ಮಾಡಿದ ಉಪಚಾರ" ಎಂದೆ. ನನ್ನ ಕೆಲಸ ಉಳಿಯಿತು. ಊಟದ ಹಾಲಿನಲ್ಲಿ ಇದೇ ಮಾತನ್ನು ಐದು ಸಲ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಲಾರಿಸಾ ಮಾತ್ರ ಚಪ್ಪಾಳೆ ತಟ್ಟದೆ, ತನ್ನ ಕಲ್ಲಂಗಡಿ ಹೋಳನ್ನು ನನ್ನ ತಟ್ಟೆಗೆ ಹಾಕಿದಳು.

ಅಮ್ಮನಿಗೆ ನಮಸ್ಕಾರ. ಮಗಳ ಹಣೆಗೊಂದು ಮುತ್ತು. ನಿನಗೆ ಕರೆಂಟೂ ನೀರೂ ಒಂದೇ ದಿನ ಬರಲಿ ಎಂದು ಹಾರೈಸುವ,

ನಿನ್ನ
ಗರೆಗಿನ್

ತಾ.ಕ.: ನಿನ್ನ ಹತ್ತಿರ ಸುಳ್ಳು ನಡೆಯುವುದಿಲ್ಲ. ಓಟ ಮುಗಿಸಿ ಹೊರಟಾಗ, ಬಸ್ಸಿನಲ್ಲಿ ಹುಡುಗಿಯರ ತಲೆ ಎಣಿಸುವುದು ಎಂದಿನಂತೆ ನನ್ನ ಕೆಲಸ. ಒಬ್ಬಳು ಕಡಿಮೆ ಬಂದಳು. ಮೂರು ಸಲ ಎಣಿಸಿದೆ. ಬಾಗಿಲಿಗೆ ಅಡ್ಡ ನಿಂತು ಇಪ್ಪತ್ತು ನಿಮಿಷ ಬಸ್ಸು ಬಿಡಲಿಲ್ಲ. ಕೊನೆಗೆ ಲಾರಿಸಾಳೇ ಎದ್ದು ಬಂದು, ನನ್ನ ತೋಳು ಹಿಡಿದು ಮೆಲ್ಲಗೆ ಹೇಳಿದಳು: "ಮಾಮ, ಮಾರಿಕಾಳ ಬಸ್ಸು ಆಗ್ಲೇ ಹೋಯ್ತು."